ನನ್ನ ಕಥೆಯ ಬಗ್ಗೆ ನಾನು ಹೆಮ್ಮೆಪಡಬಹುದೇ?

ಪ್ರಶ್ನೆ: ಆರು ವರ್ಷಗಳಿಂದ ಸಣ್ಣ ಕಥೆಗಳನ್ನು ಬರೆಯುತ್ತಿದ್ದೇನೆ. ಹೋದ ವರ್ಷ ಒಂದು ಕಥೆಗೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಅದನ್ನು ಒಂಬತ್ತು ಸಲ ತಿದ್ದಿ ಬರೆದಿದ್ದೆ. ಓದಿದವರೆಲ್ಲ ಮೆಚ್ಚಿದರು. ನನಗೆ ಮಾತ್ರ ಖುಷಿಪಡಲು ಆಗುತ್ತಿಲ್ಲ. ಯಾರಾದರೂ ಹೊಗಳಿದರೆ ‘ಅಯ್ಯೋ, ಸುಮ್ನೆ ಗೀಚಿದ್ದು’ ಅಂದುಬಿಡುತ್ತೇನೆ. ಒಳಗೆ ಏನೋ ಚುಚ್ಚುತ್ತಿರುತ್ತದೆ. ಕಥೆಯ ಕೊನೆಯಲ್ಲಿ ಒಂದು ಹೋಲಿಕೆ ಬರುತ್ತದೆ. ಎಲ್ಲರೂ ಅದನ್ನೇ ಕೊಂಡಾಡುತ್ತಾರೆ. ಅದನ್ನು ಯಾವಾಗಲೋ ಎಲ್ಲೋ ಓದಿದ್ದೆನೇನೋ ಎಂಬ ಅನುಮಾನ ನನಗೆ. ಹುಡುಕಿದೆ, ಸಿಗಲಿಲ್ಲ. ಇನ್ನೊಂದು ವಿಷಯ. ಕಥೆಯ ಮುಖ್ಯ ಘಟನೆ ನನ್ನ ಗೆಳತಿ ಒಂದು ರಾತ್ರಿ ಅಳುತ್ತಾ ಹೇಳಿಕೊಂಡದ್ದು. ಹೆಸರು, ಜಾಗ, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಅವಳು ಕಥೆ ಓದುವವಳಲ್ಲ, ಹಾಗಾಗಿ ಹೇಳಲಿಲ್ಲ. ಈಗ ನನ್ನ ಮೊದಲ ಸಂಕಲನ ಬರುತ್ತಿದೆ. ಈ ಕಥೆ ಸೇರಿಸಲೋ ಬೇಡವೋ? ನನ್ನನ್ನು ಕಾಡುತ್ತಿರುವುದು ಆತ್ಮಸಾಕ್ಷಿಯೋ, ಬರೀ ಹೆದರಿಕೆಯೋ? ಹೆಮ್ಮೆಪಟ್ಟರೆ ಅದು ಅಹಂಕಾರ ಆಗುವುದಿಲ್ಲವೇ? ದಿನಾ ರಾತ್ರಿ ಮಲಗಿದ ಮೇಲೆ ಇದನ್ನೇ ಯೋಚಿಸುತ್ತೇನೆ. ಉತ್ತರ ಸಿಗುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಒಂದೇ ಕಷ್ಟ ಇದೆ ಅನ್ನಿಸಿತು. ಎರಡನೇ ಸಲ ನೋಡಿದರೆ ಮೂರು ಇವೆ. ಗೆಳತಿಯದು ಒಂದು. ಆ ಹೋಲಿಕೆಯದು ಇನ್ನೊಂದು. ಹೊಗಳಿಕೆ ಕೇಳಿದಾಗ ಮುದುಡಿಕೊಳ್ಳುವುದು ಮೂರನೆಯದು. ಮೂರೂ ಸಿಕ್ಕುಸಿಕ್ಕಾಗಿ ಸೇರಿಕೊಂಡಿವೆ. ಅದಕ್ಕೇ ಯಾವ ದಾರ ಎಳೆದರೂ ಗಂಟು ಬಿಗಿಯಾಗುತ್ತಿದೆ. ಒಂದಕ್ಕೆ ನೀವು ಏನಾದರೂ ಮಾಡಲೇಬೇಕು. ಇನ್ನೊಂದಕ್ಕೆ ಸ್ವಲ್ಪ ಮಾಡಿ ಬಿಟ್ಟುಬಿಡಬೇಕು. ಮೂರನೆಯದನ್ನು ನೀವು ವಿನಯ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ.

ಆತ್ಮಸಾಕ್ಷಿಯೋ ಹೆದರಿಕೆಯೋ ಎಂಬುದನ್ನು ಮೊದಲು ನೋಡೋಣ. ನಾನು 20 ವರ್ಷಗಳಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಎಲ್ಲಿ ಚುಚ್ಚುತ್ತಿದೆ, ಬೆರಳಿಟ್ಟು ತೋರಿಸಿ. ಕೆಲವರು ತಕ್ಷಣ ತೋರಿಸುತ್ತಾರೆ. ‘ಈ ಸಾಲು ನನ್ನದಲ್ಲ.’ ‘ಈ ಚಿತ್ರಕ್ಕೆ ತಂಗಿ ಬಣ್ಣ ತುಂಬಿದ್ದಳು, ಅವಳ ಹೆಸರು ಹಾಕಲಿಲ್ಲ.’ ಇನ್ನು ಕೆಲವರು ತೋರಿಸಲಾರರು. ‘ನಾನು ನಕಲಿ ಅನ್ನಿಸುತ್ತದೆ.’ ‘ನನಗೆ ಯೋಗ್ಯತೆ ಇಲ್ಲ.’ ಇವರ ಬೆರಳು ಬರೆದದ್ದರ ಮೇಲೆ ನಿಲ್ಲುವುದೇ ಇಲ್ಲ. ತಿರುಗಿ ಅವರ ಎದೆಯ ಕಡೆಗೇ ಬರುತ್ತದೆ.

ಆತ್ಮಸಾಕ್ಷಿ ಸಣ್ಣ ಮಾತು ಆಡುತ್ತದೆ. ಈ ಸಾಲು, ಈ ವ್ಯಕ್ತಿ, ಆ ದಿನ ಅನ್ನುತ್ತದೆ. ಏನು ಮಾಡಬೇಕು ಎಂಬುದನ್ನೂ ಜೊತೆಗೇ ಹೇಳುತ್ತದೆ. ಹೆದರಿಕೆಗೆ ದೊಡ್ಡ ದೊಡ್ಡ ಮಾತೇ ಬೇಕು. ನೀನೇ ಸರಿ ಇಲ್ಲ ಅನ್ನುತ್ತದೆ. ಮಾಡಲು ಏನೂ ಕೊಡುವುದಿಲ್ಲ.

ಮನಶ್ಶಾಸ್ತ್ರದಲ್ಲಿ ಇದನ್ನು ತುಂಬಾ ಹಿಂದೆಯೇ ಗುರುತಿಸಿದ್ದಾರೆ. ಹೆಲೆನ್ ಬ್ಲಾಕ್ ಲೂಯಿಸ್ ಎಂಬ ಮನೋವಿಶ್ಲೇಷಕಿ 1971ರಲ್ಲಿ ತಪ್ಪಿತಸ್ಥ ಭಾವನೆ ಬೇರೆ, ನಾಚಿಕೆ ಬೇರೆ ಎಂದು ಬಿಡಿಸಿ ತೋರಿಸಿದರು. ‘ನಾನು ಮಾಡಿದ್ದು ತಪ್ಪು’ ಅನ್ನುವುದು ಮೊದಲನೆಯದು. ‘ನಾನೇ ಕೆಟ್ಟವಳು’ ಅನ್ನುವುದು ಎರಡನೆಯದು. ಮುಂದೆ ಜೂನ್ ಟ್ಯಾಂಗ್ನಿ ಮತ್ತು ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಾಡಿದ್ದು ತಪ್ಪು ಅಂದುಕೊಂಡವರು ಹೆಚ್ಚಾಗಿ ಹೋಗಿ ಸರಿಮಾಡುತ್ತಾರೆ, ಕ್ಷಮೆ ಕೇಳುತ್ತಾರೆ. ತಾನೇ ಕೆಟ್ಟವಳು ಅಂದುಕೊಂಡವರು ಅಡಗಿಕೊಳ್ಳುತ್ತಾರೆ, ಇಲ್ಲವೇ ಎದುರಿದ್ದವರ ಮೇಲೆ ಸಿಟ್ಟಾಗುತ್ತಾರೆ. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಒಂದು. ಹೆಚ್ಚು ನೋವು ತಿನ್ನುವವರು ಹೆಚ್ಚು ಪ್ರಾಮಾಣಿಕರು ಎಂದು ನಾವು ನಂಬಿದ್ದೇವೆ. ಹಾಗೇನಿಲ್ಲ. ನೋವು ತನ್ನಷ್ಟಕ್ಕೆ ಯಾರ ತಪ್ಪನ್ನೂ ಸರಿಮಾಡುವುದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಗಾದೆ ಅರ್ಧ ಮಾತ್ರ ನಿಜ. ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ. ನನ್ನ ಬಳಿ ಬರುವವರಲ್ಲಿ ಅವರೇ ಜಾಸ್ತಿ. ಹಾಗಾಗಿ ಚುಚ್ಚುತ್ತಿದೆ ಎಂಬ ಒಂದೇ ಕಾರಣಕ್ಕೆ ತಪ್ಪು ಮಾಡಿದ್ದೀರಿ ಎಂದು ತೀರ್ಮಾನಿಸಬೇಡಿ. ಏನೂ ಇಲ್ಲ ಎಂದು ತಳ್ಳಿಹಾಕಲೂಬೇಡಿ.

ಈಗ ನಿಮ್ಮ ಬೆರಳು ಎಲ್ಲಿ ನಿಲ್ಲುತ್ತದೆ ನೋಡೋಣ. ಗೆಳತಿಯ ಮೇಲೆ ನಿಲ್ಲುತ್ತದೆ. ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಪತ್ರದಲ್ಲಿ ಆ ಒಂದು ಸಾಲು ಉಳಿದ ಸಾಲುಗಳಂತಿಲ್ಲ. ‘ಅವಳು ಕಥೆ ಓದುವವಳಲ್ಲ, ಹಾಗಾಗಿ ಹೇಳಲಿಲ್ಲ’ ಎಂದು ಬರೆದಿದ್ದೀರಿ. ಓದುವವಳಾಗಿದ್ದರೆ ಹೇಳುತ್ತಿದ್ದಿರಿ, ಅಲ್ವಾ? ಹಾಗಾದರೆ ಹೇಳಬೇಕಾದ ವಿಷಯ ಇದು ಎಂದು ನಿಮಗೆ ಗೊತ್ತಿತ್ತು. ಗೊತ್ತಾಗುವ ಸಂಭವ ಕಡಿಮೆ ಎಂದು ಬಿಟ್ಟಿರಿ. ಇದನ್ನು ಬೈಯಲು ಹೇಳುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದವಳು.

ಹಲವು ವರ್ಷಗಳ ಹಿಂದೆ ಒಂದು ಪ್ರಬಂಧ ಬರೆದಿದ್ದೆ. ಹತ್ತಿರದ ಸಂಬಂಧಿಕರೊಬ್ಬರ ಕಾಯಿಲೆಯ ದಿನಗಳ ಬಗ್ಗೆ. ಹೆಸರು ಬದಲಿಸಿದೆ, ವಯಸ್ಸು ಬದಲಿಸಿದೆ, ಹೆಂಗಸನ್ನು ಗಂಡಸು ಮಾಡಿದೆ. ಆದರೆ ಅವರು ರಾತ್ರಿ ನಿದ್ದೆ ಬಾರದಾಗ ಹೊದಿಕೆಯ ಅಂಚಿನ ದಾರಗಳನ್ನು ಎಣಿಸುತ್ತಿದ್ದರು. ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಬರಹಕ್ಕೆ ಜೀವ ಬಂದದ್ದೇ ಅದರಿಂದ. ಅವರು ಓದಿದರು. ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅವರೇ ಹೇಳಿದರು: ‘ಬರೆದದ್ದಕ್ಕೆ ಬೇಜಾರಿಲ್ಲ. ಚೆನ್ನಾಗೇ ಬರೆದಿದ್ದೀಯ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ.’

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಹೆಸರು ಬದಲಾಯಿಸಿದರೆ ಗುರುತು ಮುಚ್ಚುತ್ತದೆ ಅಂದುಕೊಳ್ಳುತ್ತೇವೆ. ಹೊರಗಿನವರಿಗೆ ಮುಚ್ಚುತ್ತದೆ, ನಿಜ. ಅನುಭವಿಸಿದವರಿಗೆ ಮುಚ್ಚುವುದಿಲ್ಲ. ಅವರಿಗೆ ಹೆಸರು ಬೇಕಾಗಿಯೇ ಇಲ್ಲ, ಆ ದಾರ ಸಾಕು. ನಾವು ಅವರಿಂದ ತೆಗೆದುಕೊಂಡದ್ದು ಗುಟ್ಟನ್ನು ಮಾತ್ರ ಅಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಹೇಳಲೇಬಾರದೋ ಎಂದು ತೀರ್ಮಾನಿಸುವ ಹಕ್ಕನ್ನೂ ತೆಗೆದುಕೊಂಡಿರುತ್ತೇವೆ.

ಬರೆಯುವವರು ಸುತ್ತಲಿನ ಬದುಕನ್ನೇ ಬರೆಯಬೇಕು. ಬೇರೆ ಎಲ್ಲಿಂದ ತರುತ್ತಾರೆ? ಪ್ರತಿ ಪಾತ್ರಕ್ಕೂ ಒಪ್ಪಿಗೆ ಪಡೆಯಿರಿ ಎಂದು ನಾನು ಹೇಳುವುದಿಲ್ಲ. ರಸ್ತೆಯಲ್ಲಿ ಕಂಡ ನಡಿಗೆ, ಬಸ್ಸಿನಲ್ಲಿ ಕೇಳಿದ ಮಾತು, ನಾಲ್ಕಾರು ಜನರ ಸ್ವಭಾವ ಸೇರಿ ಆದ ಒಂದು ಪಾತ್ರ ಇವೆಲ್ಲ ಬರೆಯುವವರ ಪಾಲು. ಆದರೆ ಒಬ್ಬರು ನಂಬಿ, ನಿಮಗೆ ಮಾತ್ರ ಅಂತ ಹೇಳಿದ್ದು ಬೇರೆ. ಅವಳು ಆ ರಾತ್ರಿ ಹೇಳಿಕೊಂಡದ್ದು ಕಥೆಗಾರ್ತಿಗಲ್ಲ, ಗೆಳತಿಗೆ.

ಹಾಗಾಗಿ ಅವಳಿಗೆ ಹೇಳಿ. ಸಂಕಲನ ಅಚ್ಚಿಗೆ ಹೋಗುವ ಮೊದಲೇ ಹೇಳಿ. ಹೇಗೆ ಹೇಳುತ್ತೀರಿ ಎಂಬುದೂ ಮುಖ್ಯ. ‘ನಿನ್ನ ವಿಷಯ ಸ್ವಲ್ಪ ಬಂದಿದೆ, ಏನೂ ತೊಂದರೆ ಇಲ್ಲ ಅಲ್ವಾ?’ ಎಂದು ಕೇಳಬೇಡಿ. ಆ ಪ್ರಶ್ನೆಯೊಳಗೇ ಉತ್ತರ ಇದೆ. ಪಾಪ, ಅವಳು ಇಲ್ಲ ಅನ್ನಲೇಬೇಕಾಗುತ್ತದೆ. ನಿಮ್ಮ ಮನಸ್ಸು ಹಗುರವಾಗಲಿ ಎಂದು ಅವಳಿಂದ ಒಪ್ಪಿಗೆ ಎಳೆದುಕೊಂಡಂತೆ ಆಗುತ್ತದೆ. ಕಥೆಯ ಪ್ರತಿ ಕೊಡಿ. ‘ನೀನು ಅವತ್ತು ಹೇಳಿದ್ದನ್ನು ಇಟ್ಟುಕೊಂಡು ಬರೆದೆ. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ, ಅದು ನನ್ನ ತಪ್ಪು. ಓದಿ ನೋಡು. ಪುಸ್ತಕದಲ್ಲಿ ಬೇಡ ಅಂದರೆ ತೆಗೆಯುತ್ತೇನೆ’ ಅನ್ನಿ. ಕೊನೆಯ ಮಾತು ನಿಜವಾಗಿದ್ದರೆ ಮಾತ್ರ ಹೇಳಿ. ತೆಗೆಯುವ ಮನಸ್ಸಿಲ್ಲದೆ ಕೇಳುವುದಕ್ಕಿಂತ ಕೇಳದಿರುವುದೇ ವಾಸಿ. ಆಮೇಲೆ ಅವಳಿಗೆ ನಾಲ್ಕು ದಿನ ಬಿಡಿ. ಅವಳು ಸಿಟ್ಟಾಗಬಹುದು, ಅಳಬಹುದು, ಖುಷಿಪಡಲೂಬಹುದು. ತನ್ನ ನೋವನ್ನು ಒಬ್ಬರು ಇಷ್ಟು ಗಮನವಿಟ್ಟು ಕೇಳಿಸಿಕೊಂಡಿದ್ದಾರೆ ಎಂದು ಸಮಾಧಾನಪಟ್ಟವರನ್ನೂ ನಾನು ಕಂಡಿದ್ದೇನೆ. ಅವಳು ಏನೇ ಅಂದರೂ ನಿಮ್ಮ ವಿವರಣೆ ಕಡಿಮೆ ಇರಲಿ.

ಇನ್ನು ಆ ಹೋಲಿಕೆಯ ವಿಷಯ. ಇಲ್ಲಿ ನಿಮ್ಮ ಬೆರಳು ಒಂದು ಸಾಲಿನ ಮೇಲೆ ನಿಂತಿದೆ, ನಿಜ. ಆದರೆ ಅದರ ಆಚೆ ಏನೂ ಸಿಗುತ್ತಿಲ್ಲ. ನಿಮ್ಮ ಅನುಮಾನಕ್ಕೆ ಆಧಾರವೇ ಇಲ್ಲ ಅನ್ನಲಾರೆ. ಓದಿದ್ದನ್ನು ಮರೆತು, ಅದೇ ಮುಂದೆ ತನ್ನದೇ ಯೋಚನೆ ಎಂಬಂತೆ ಹೊರಗೆ ಬರುವುದು ಇದೆ. ಅಲನ್ ಬ್ರೌನ್ ಮತ್ತು ಡಾನಾ ಮರ್ಫಿ 1989ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಗುಂಪಿನಲ್ಲಿ ಕೂತವರು ಒಬ್ಬೊಬ್ಬರಾಗಿ ಒಂದು ವರ್ಗಕ್ಕೆ ಸೇರಿದ ಹೆಸರುಗಳನ್ನು ಹೇಳಬೇಕಿತ್ತು. ಆಮೇಲೆ ತಾವು ಹೇಳಿದ್ದನ್ನು ಮಾತ್ರ ನೆನಪಿಸಿಕೊಂಡು ಬರೆಯಬೇಕಿತ್ತು. ಪಕ್ಕದವರು ಹೇಳಿದ್ದನ್ನೂ ಕೆಲವೊಮ್ಮೆ ತಮ್ಮದೆಂದು ಬರೆದರು. ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ನಮ್ಮ ನೆನಪು ವಿಷಯವನ್ನು ಇಟ್ಟುಕೊಳ್ಳುತ್ತದೆ, ಅದು ಎಲ್ಲಿಂದ ಬಂತು ಎಂಬುದನ್ನು ಬೇಗ ಕಳೆದುಕೊಳ್ಳುತ್ತದೆ. ಸಂಗೀತಗಾರ ಜಾರ್ಜ್ ಹ್ಯಾರಿಸನ್ ಮೇಲಿನ ಮೊಕದ್ದಮೆಯಲ್ಲಿ 1976ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶರೂ ಇದನ್ನೇ ಹೇಳಿದ್ದರು. ಹ್ಯಾರಿಸನ್ ಹಾಡಿನ ಧಾಟಿ ಹಳೆಯ ಇನ್ನೊಂದು ಹಾಡಿನದೇ, ಆದರೆ ಅದು ಗೊತ್ತಿದ್ದು ಮಾಡಿದ್ದಲ್ಲ ಎಂದರು. ಗೊತ್ತಿಲ್ಲದೆ ಆದರೂ ಹೊಣೆ ತಪ್ಪಲಿಲ್ಲ ಎಂಬುದನ್ನೂ ನೆನಪಿಡಬೇಕು.

ಆದರೆ ನಿಮಗೆ ನಾನು ಹೇಳಬೇಕೆಂದಿರುವುದು ಹೆಲೆನ್ ಕೆಲರ್ ಕಥೆ. ಕಣ್ಣು ಕಾಣದ, ಕಿವಿ ಕೇಳದ ಆ ಹುಡುಗಿ 1891ರಲ್ಲಿ, 11ನೇ ವಯಸ್ಸಿನಲ್ಲಿ, ಒಂದು ಪುಟ್ಟ ಕಥೆ ಬರೆದಳು. ಹಿಮದ ರಾಜನ ಕಥೆ. ಪ್ರೀತಿಯ ಹಿರಿಯರೊಬ್ಬರ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕಳಿಸಿದಳು. ಅವರು ಸಂಭ್ರಮದಿಂದ ಅಚ್ಚು ಹಾಕಿಸಿದರು. ಸ್ವಲ್ಪ ದಿನದಲ್ಲೇ ಗೊತ್ತಾಯಿತು, ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಕಥೆಯೊಂದನ್ನು ಅದು ತುಂಬಾ ಹೋಲುತ್ತದೆ ಎಂದು. ಸುಮಾರು ಮೂರು ವರ್ಷ ಹಿಂದೆ ಯಾರೋ ಆ ಕಥೆಯನ್ನು ಅವಳ ಅಂಗೈಯಲ್ಲಿ ಬೆರಳಿನ ಅಕ್ಷರಗಳಿಂದ ಹೇಳಿದ್ದರು. ಅವಳಿಗೆ ಅದರ ನೆನಪೇ ಇರಲಿಲ್ಲ. ದೊಡ್ಡವರೆಲ್ಲ ಸೇರಿ ಆ ಮಗುವನ್ನು ಕೂರಿಸಿ ವಿಚಾರಣೆ ಮಾಡಿದರು. ಕ್ಯಾನ್ಬಿ ಮಾತ್ರ ಸಿಟ್ಟಾಗಲಿಲ್ಲ, ಮುಂದೊಂದು ದಿನ ನೀನು ನಿನ್ನದೇ ಕಥೆ ಬರೆಯುತ್ತೀಯ ಎಂದು ಪ್ರೀತಿಯಿಂದ ಬರೆದರು.

ಆಮೇಲೆ ಆದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಮುಂದೆ ತನ್ನ ಜೀವನದ ಬಗ್ಗೆ ಬರೆದಾಗ ಅವಳೇ ಹೇಳಿಕೊಂಡಿದ್ದಾಳೆ: ಅಮ್ಮನಿಗೆ ಕಾಗದ ಬರೆಯುವಾಗಲೂ ಭಯ ಹಿಡಿಯುತ್ತಿತ್ತು. ಒಂದೊಂದು ವಾಕ್ಯವನ್ನೂ ಮತ್ತೆ ಮತ್ತೆ ಬೆರಳಲ್ಲಿ ಬಿಡಿಸಿ ನೋಡುತ್ತಿದ್ದಳು, ಇದನ್ನು ಎಲ್ಲಾದರೂ ಓದಿರಬಹುದೇ ಎಂದು. ಅಮ್ಮನ ಕಾಗದ! ಅಲ್ಲಿ ಯಾರ ಸಾಲು ಕದಿಯುತ್ತಾಳೆ? ಎಚ್ಚರ ಎಂದು ಶುರುವಾದದ್ದು ಮಾತೇ ನಿಲ್ಲಿಸುವ ಮಟ್ಟಕ್ಕೆ ಹೋಯಿತು. ತನ್ನ ಯೋಚನೆ ಯಾವುದು, ಓದಿದ್ದು ಯಾವುದು ಎಂದು ಪೂರ್ತಿ ಬೇರ್ಪಡಿಸಲು ತನಗೆ ಈಗಲೂ ಆಗುವುದಿಲ್ಲ ಎಂದೂ ಅವಳು ಒಪ್ಪಿಕೊಂಡಿದ್ದಾಳೆ. ಯಾರಿಗೂ ಆಗುವುದಿಲ್ಲ. ಭಾಷೆಯೇ ಬೇರೆಯವರಿಂದ ಬಂದದ್ದಲ್ಲವೇ?

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ನನ್ನ ಸಲಹೆ ಸರಳ. ನೀವು ಆ ಹೋಲಿಕೆ ಬರೆಯುವ ಹಿಂದಿನ ಒಂದೆರಡು ವರ್ಷದಲ್ಲಿ ಓದಿದ ಪುಸ್ತಕಗಳನ್ನು ಒಂದು ಸಲ ತಿರುವಿಹಾಕಿ. ತುಂಬಾ ಓದುವ ಇಬ್ಬರಿಗೆ ಆ ಸಾಲು ಕೊಟ್ಟು, ‘ಇದನ್ನು ಎಲ್ಲಾದರೂ ನೋಡಿದ್ದೀರಾ?’ ಎಂದು ನೇರವಾಗಿ ಕೇಳಿ. ಸಿಕ್ಕಿದರೆ ಆ ಸಾಲು ತೆಗೆಯಿರಿ, ಇಲ್ಲವೇ ಯಾರದೆಂದು ಹೇಳಿ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಮತ್ತೆ ಹುಡುಕಬೇಡಿ. ಮುಂದೆ ಯಾವತ್ತಾದರೂ ಯಾರಾದರೂ ತೋರಿಸಿಕೊಟ್ಟರೆ ‘ಹೌದು, ಗೊತ್ತಿಲ್ಲದೆ ಬಂದಿದೆ’ ಎಂದು ಒಪ್ಪಿಕೊಳ್ಳುವುದು ಮರ್ಯಾದೆಗೆ ಕುಂದಲ್ಲ.

ಇನ್ನು ಮುಂದೆ ಬರೆಯುವಾಗ ಇದು ಕಾಡದಿರಲು ಒಂದು ರೂಢಿ ಬೆಳೆಸಿಕೊಳ್ಳಿ. ಚಾರ್ಲ್ಸ್ ಡಾರ್ವಿನ್ ತನಗಾಗಿ ಒಂದು ನಿಯಮ ಮಾಡಿಕೊಂಡಿದ್ದ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಒಂದು ಸಂಗತಿ ಕಂಡರೆ, ಒಂದು ಯೋಚನೆ ಬಂದರೆ, ತಕ್ಷಣ ಬರೆದಿಡಬೇಕು. ಅನುಕೂಲವಾದದ್ದು ನೆನಪಿರುತ್ತದೆ, ಅನುಕೂಲವಲ್ಲದ್ದು ಬೇಗ ಮರೆತುಹೋಗುತ್ತದೆ ಎಂದು ಅವನಿಗೆ ಅನುಭವದಿಂದ ಗೊತ್ತಾಗಿತ್ತು. ಆತ್ಮಾವಲೋಕನ ಅಂದರೆ ನನಗೆ ಇದೇ ನೆನಪಿಗೆ ಬರುವುದು. ನೀವೂ ಬರೆಯುವ ಹೊತ್ತಿನಲ್ಲೇ ಅಂಚಿನಲ್ಲಿ ಗುರುತು ಮಾಡಿ. ‘ಈ ಸಾಲು ಎಲ್ಲೋ ಕೇಳಿದಂತಿದೆ.’ ‘ಇದು ಅವಳು ಹೇಳಿದ್ದು, ಕೇಳಬೇಕು.’ ಹೊಗಳಿಕೆ ಬರುವ ಮೊದಲೇ ಬರೆದ ಗುರುತು ಅದು. ಬಹುಮಾನ ಬಂದ ಮೇಲೆ ಹುಟ್ಟುವ ಅನುಮಾನಕ್ಕಿಂತ ಅದನ್ನು ಹೆಚ್ಚು ನಂಬಬಹುದು.

ರಾತ್ರಿ ಮಲಗಿ ಯೋಚಿಸುವುದನ್ನು ದಯವಿಟ್ಟು ನಿಲ್ಲಿಸಿ. ಕತ್ತಲಲ್ಲಿ, ಕಣ್ಣು ಮುಚ್ಚಿಕೊಂಡು, ಅದೇ ಪ್ರಶ್ನೆಯನ್ನು ನೂರು ಸಲ ತಿರುಗಿಸುವುದು ಆತ್ಮಾವಲೋಕನ ಅಲ್ಲ. ಅದು ಮೆಲುಕು ಹಾಕುವುದು. ‘ಯಾಕೆ ಹೀಗೆ ಮಾಡಿದೆ, ಯಾಕೆ ಹೀಗಿದ್ದೇನೆ’ ಎಂದು ಕೇಳುತ್ತಾ ಹೋದರೆ ಮನಸ್ಸು ಕಾರಣ ಹುಟ್ಟಿಸುತ್ತಲೇ ಹೋಗುತ್ತದೆ. ಅವೆಲ್ಲ ನಿಜವಾದ ಕಾರಣಗಳೇ ಆಗಿರಬೇಕಿಲ್ಲ. ಟಿಮೊತಿ ವಿಲ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವಿದ್ಯಾರ್ಥಿಗಳ ಮುಂದೆ ಕೆಲವು ಚಿತ್ರಗಳನ್ನು ಇಟ್ಟರು. ಒಂದನ್ನು ಆರಿಸಿ ಮನೆಗೆ ಒಯ್ಯಬಹುದು ಎಂದರು. ಕೆಲವರಿಗೆ ಮಾತ್ರ, ಆರಿಸುವ ಮೊದಲು ಯಾವುದು ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಎಂದು ಕಾರಣ ಬರೆಯಲು ಹೇಳಿದರು. ಕೆಲವು ವಾರ ಬಿಟ್ಟು ವಿಚಾರಿಸಿದಾಗ, ಕಾರಣ ಬರೆದು ಆರಿಸಿದವರಿಗೇ ತಮ್ಮ ಚಿತ್ರ ಕಡಿಮೆ ಇಷ್ಟವಾಗಿತ್ತು. ಮಾತಲ್ಲಿ ಸುಲಭವಾಗಿ ಹೇಳಲು ಬರುವ ಕಾರಣಗಳು ಅವರ ನಿಜವಾದ ಇಷ್ಟವನ್ನು ಪಕ್ಕಕ್ಕೆ ತಳ್ಳಿದ್ದವು.

ಹಾಗಾಗಿ ‘ಯಾಕೆ’ ಬಿಡಿ, ‘ಏನು’ ಕೇಳಿ. ಏನು ಮಾಡಿದೆ? ಯಾರಿಗೆ ಏನಾಯಿತು? ಈಗ ಏನು ಮಾಡಲು ಸಾಧ್ಯ? ಹಗಲು ಹೊತ್ತಿನಲ್ಲಿ, ಕೈಯಲ್ಲಿ ಪೆನ್ನು ಹಿಡಿದು, 20 ನಿಮಿಷ. ಅಷ್ಟೇ. ಬರೆಯುವಾಗ ‘ನಾನು’ ಬದಲು ನಿಮ್ಮ ಹೆಸರನ್ನೇ ಬಳಸಿ ನೋಡಿ, ಇನ್ನೊಬ್ಬರ ಬಗ್ಗೆ ಬರೆದಂತೆ. ಈಥನ್ ಕ್ರಾಸ್ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದು ಇದನ್ನೇ. ತಮ್ಮನ್ನು ತಾವು ಹೆಸರು ಹಿಡಿದು ಮಾತಾಡಿಸಿಕೊಂಡವರಿಗೆ ಒತ್ತಡದ ಸಂದರ್ಭದಲ್ಲಿ ತಳಮಳ ಕಡಿಮೆ ಇತ್ತು. ಮೊದಲು ವಿಚಿತ್ರ ಅನ್ನಿಸುತ್ತದೆ. ಎರಡು ಮೂರು ದಿನದಲ್ಲಿ ರೂಢಿಯಾಗುತ್ತದೆ. ಗೆಳತಿಗೆ ಹೇಳುವ ಬುದ್ಧಿಮಾತು ಎಷ್ಟು ನ್ಯಾಯವಾಗಿರುತ್ತದೆ, ನಮಗೆ ನಾವೇ ಹೇಳಿಕೊಳ್ಳುವುದು ಎಷ್ಟು ಕ್ರೂರವಾಗಿರುತ್ತದೆ ಎಂಬುದು ಕಾಗದದ ಮೇಲೆ ಕಂಡಾಗಲೇ ಗೊತ್ತಾಗುವುದು.

ಕೊನೆಗೆ ಹೆಮ್ಮೆಯ ವಿಷಯ. ಇದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ.

ಒಂಬತ್ತು ಸಲ ತಿದ್ದಿ ಬರೆದೆ ಎಂದಿದ್ದೀರಿ. ಅದನ್ನು ‘ಸುಮ್ನೆ ಗೀಚಿದ್ದು’ ಅನ್ನುತ್ತೀರಿ. ಅದು ಸುಳ್ಳು. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳು, ಆದರೂ ಸುಳ್ಳು. ಒಂದು ಸಾಲಿನ ಮೂಲದ ಬಗ್ಗೆ ಇಷ್ಟು ಎಚ್ಚರವಾಗಿರುವ ನಿಮ್ಮ ಆತ್ಮಸಾಕ್ಷಿ ಈ ಮಾತಿಗೂ ಎಚ್ಚರವಾಗಬೇಕಿತ್ತು. ಕಥೆ ಓದಿ ಮನಸ್ಸು ಕಲಕಿದವರು ಬಂದು ಹೇಳಿದಾಗ, ‘ನಿಮ್ಮನ್ನು ಕಲಕಿದ್ದು ಒಂದು ಗೀಚು’ ಅಂದಂತೆ ಆಗುತ್ತದೆ. ಅವರ ಓದಿಗೂ ಅದು ಅವಮಾನ.

ಕನ್ನಡದಲ್ಲಿ ಹೆಮ್ಮೆಗೆ ಒಂದು ಮಾತು, ಜಂಬಕ್ಕೆ ಇನ್ನೊಂದು, ಸೊಕ್ಕಿಗೆ ಮತ್ತೊಂದು. ನಮ್ಮ ಹಿರಿಯರಿಗೆ ಇವು ಬೇರೆ ಎಂದು ಗೊತ್ತಿತ್ತು. ಹಳಗನ್ನಡದ ‘ಪೆರ್ಮೆ’ಯೇ ಈಗಿನ ಹೆಮ್ಮೆ. ಹಿರಿಮೆ ಎಂದು ಅರ್ಥ. ಮಗುವಿನ ಬಗ್ಗೆ ಹೆಮ್ಮೆ, ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಅನ್ನುತ್ತೇವೆ. ಅಲ್ಲಿ ಕಣ್ಣು ಹೊರಗಿನ ಒಂದು ವಸ್ತುವಿನ ಮೇಲಿರುತ್ತದೆ. ಜಂಬ ಕೊಚ್ಚುವವರ ಕಣ್ಣು ತಮ್ಮ ಮೇಲೇ ಇರುತ್ತದೆ, ಇಲ್ಲವೇ ನೋಡುತ್ತಿರುವವರ ಮುಖದ ಮೇಲೆ. ಜೆಸಿಕಾ ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೆಮ್ಮೆಗೆ ಎರಡು ಮುಖ ಇದೆ ಎಂದರು. ‘ಕಷ್ಟಪಟ್ಟೆ, ಅದಕ್ಕೇ ಇದು ಚೆನ್ನಾಗಿ ಬಂತು’ ಅನ್ನುವುದು ಒಂದು. ‘ನಾನು ಅಂಥವಳು, ಅದಕ್ಕೇ ಚೆನ್ನಾಗಿ ಬಂತು’ ಅನ್ನುವುದು ಇನ್ನೊಂದು.

ಎರಡನೆಯದು ಎಷ್ಟು ಅಪಾಯಕಾರಿ ಎಂಬುದಕ್ಕೆ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಮುಗಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದರು. ಒಂದೇ ಒಂದು ವಾಕ್ಯದ ವ್ಯತ್ಯಾಸ. ಆಮೇಲೆ ಕಷ್ಟದ ಲೆಕ್ಕ ಕೊಟ್ಟರು, ಎಲ್ಲರಿಗೂ ಕಡಿಮೆ ಅಂಕ ಬಂತು. ಆ ಅಂಕವನ್ನು ಬೇರೆ ಶಾಲೆಯ ಗುರುತಿಲ್ಲದ ಮಗುವಿಗೆ ಬರೆದು ತಿಳಿಸಿ ಎಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ನೂರಕ್ಕೆ 38 ಮಕ್ಕಳು ಅಂಕ ಹೆಚ್ಚಿಸಿ ಸುಳ್ಳು ಬರೆದರು. ಶ್ರಮಪಟ್ಟೆ ಅನ್ನಿಸಿಕೊಂಡವರಲ್ಲಿ 13. ಹೆಮ್ಮೆ ತನ್ನ ಮೇಲೇ ಕೂತರೆ ಅದನ್ನು ಕಾಪಾಡಲು ಸುಳ್ಳು ಬೇಕಾಗುತ್ತದೆ. ಕೆಲಸದ ಮೇಲೆ ಕೂತರೆ ಬೇಕಾಗುವುದಿಲ್ಲ. ಕೆಲಸ ಅಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು.

ಇಲ್ಲೂ ಕೇಳಬೇಕಾದ್ದು ಅದೇ ಪ್ರಶ್ನೆ. ಬೆರಳಿಟ್ಟು ತೋರಿಸಬಲ್ಲಿರಾ? ‘ನಾನು ಒಳ್ಳೆಯ ಕಥೆಗಾರ್ತಿ’ ಅಂದರೆ ತೋರಿಸಲು ಏನೂ ಇಲ್ಲ. ‘ಮೂರನೇ ಪುಟದಲ್ಲಿ ಅವಳು ಮಾತಾಡದೆ ಎದ್ದು ಹೋಗುವ ಜಾಗ ಇದೆಯಲ್ಲ, ಅಲ್ಲಿ ಮೊದಲು ಅರ್ಧ ಪುಟ ಅಳು ಇತ್ತು, ಎಲ್ಲ ತೆಗೆದೆ’ ಅಂದರೆ ತೋರಿಸಲು ಇದೆ.

ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲಿ ತನ್ನ ಅಗ್ಗಳಿಕೆಗಳನ್ನು ತಾನೇ ಎಣಿಸಿ ಹೇಳುತ್ತಾನೆ. ಯಾವ ಅಳುಕೂ ಇಲ್ಲ. ಆದರೆ ಎಣಿಸುವುದು ಏನನ್ನು, ಗಮನಿಸಿ. ಹಲಗೆ ಬಳಪ ಹಿಡಿಯದೆ ಬರೆದದ್ದು, ಇಟ್ಟ ಪದವನ್ನು ಅಳಿಸದೇ ಇದ್ದದ್ದು, ಬೇರೆಯವರ ರೀತಿಯನ್ನು ತೆಗೆದುಕೊಳ್ಳದೇ ಇದ್ದದ್ದು. ಒಂದೊಂದೂ ಬರೆಯುವ ಕೆಲಸಕ್ಕೆ ಸೇರಿದ್ದು. ಕೊನೆಗೆ ಆ ಬಲವೆಲ್ಲ ತನ್ನ ದೈವದ ಕಿಂಕರನಿಗೆ ಸೇರಿದ್ದು ಅನ್ನುತ್ತಾನೆ. ಅಷ್ಟು ದೊಡ್ಡ ಹೆಮ್ಮೆಯೂ ಅಂಥ ವಿನಯವೂ ಒಂದೇ ಪದ್ಯದಲ್ಲಿ ಜಗಳವಿಲ್ಲದೆ ಕೂತಿವೆ. ನೀವು ಒಂಬತ್ತು ಸಲ ಅಳಿಸಿ ಬರೆದವರು. ಅವನದು ಅಳಿಸದ ಹೆಮ್ಮೆ, ನಿಮ್ಮದು ಅಳಿಸಿದ ಹೆಮ್ಮೆ ಆಗಲಿ. ಎರಡೂ ಹೇಳಿಕೊಳ್ಳುವಂಥವೇ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಭಯವೂ ನಿಮಗಿರಬಹುದು. ನನ್ನ ಕಥೆ ನನಗೆ ಮಾತ್ರ ಚೆನ್ನಾಗಿ ಕಾಣುತ್ತಿದ್ದರೆ ಅಂತ. ಆ ಭಯ ಬರೆಯಲು ಕೂತಾಗ ಬಂದರೆ ಒಳ್ಳೆಯದೇ, ಇನ್ನೊಂದು ಸಲ ತಿದ್ದಿಸುತ್ತದೆ. ಓದುಗರು ಎದುರಿಗೆ ನಿಂತಾಗ ಬಂದರೆ ಉಪಯೋಗವಿಲ್ಲ. ಆಗ ‘ಥ್ಯಾಂಕ್ಸ್, ಆ ಭಾಗಕ್ಕೆ ತುಂಬಾ ಒದ್ದಾಡಿದ್ದೆ, ನಿಮಗೆ ತಾಗಿದ್ದು ಖುಷಿಯಾಯಿತು’ ಅನ್ನಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಹೋಲಿಕೆಯನ್ನೇ ಹೊಗಳಿದರೆ, ಅನುಮಾನ ತೀರುವವರೆಗೆ, ‘ಅದು ಹೇಗೆ ಬಂತೋ ನನಗೇ ಗೊತ್ತಿಲ್ಲ’ ಅಂದರೆ ಅದೂ ನಿಜವೇ.

ಇನ್ನು ಸಂಕಲನಕ್ಕೆ ಸೇರಿಸಲೋ ಬೇಡವೋ ಎಂದು ಕೇಳಿದ್ದೀರಿ. ಅದರ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರವೂ ಪೂರ್ತಿ ಇಲ್ಲ. ಪ್ರಕಾಶಕರ ಹತ್ತಿರ ಎರಡು ವಾರ ಸಮಯ ಕೇಳಿ. ಕಾರಣ ಹೇಳಬೇಕಾಗಿಲ್ಲ, ಒಂದು ಕಥೆ ಇನ್ನೊಮ್ಮೆ ನೋಡಬೇಕು ಅಂದರೆ ಸಾಕು. ಈ ವಾರವೇ ಗೆಳತಿಯನ್ನು ಭೇಟಿಯಾಗಿ. ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ. ಕಥೆಯ ಪ್ರತಿಯನ್ನು ಅವಳ ಕೈಗೆ ಕೊಟ್ಟು, ಅವಳು ಓದುವಾಗ ಪಕ್ಕದಲ್ಲಿ ಕೂತು ಮುಖ ನೋಡದೆ, ಎದ್ದು ಮನೆಗೆ ಬನ್ನಿ.